ಮಸ್ಕೋಗಿಯ ಒಲೆ, ಫಿಲಡೆಲ್ಫಿಯಾದ ಕಿಟಕಿ

ಗುರುವಾರ, ಪ್ಲೇನೋ

ಟೆಕ್ಸಸ್‌ನಲ್ಲಿರುವ ತಂಗಿಯ ಮನೆಯ ಗ್ಯಾರೇಜಿನಲ್ಲಿ ಕಾರಿಗೇ ಜಾಗವಿರಲಿಲ್ಲ. ಕುಕಿ ಮಾರಾಟ ಮುಗಿದು ವಾರಗಳು ಕಳೆದಿದ್ದರೂ ಖಾಲಿ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಏರಿ ಕುಳಿತಿದ್ದವು. ಪಕ್ಕದಲ್ಲಿ ಮಡಚುವ ಮೇಜು, ಹಸಿರು ಮೇಜುಬಟ್ಟೆ, ಬಣ್ಣದ ಪೆನ್ನಿನಲ್ಲಿ ಬರೆದ ಬೆಲೆಯ ಫಲಕ. ತಂಗಿಯ ಮಗಳಿಗೆ ಹತ್ತು ವರ್ಷ. ದಳದ ಖರ್ಚಿಗೆಂದು ಕುಕಿ ಮಾರುವ ಗರ್ಲ್ ಸ್ಕೌಟ್ ಎಂಬ ಅಮೆರಿಕದ ಹುಡುಗಿಯರ ಸಂಸ್ಥೆಯಲ್ಲಿ ಅವಳು ‘ಜೂನಿಯರ್’. ಚಳಿಗಾಲದ ಶನಿವಾರಗಳನ್ನು ದಿನಸಿ ಅಂಗಡಿಯೊಂದರ ಬಾಗಿಲಲ್ಲಿ ಈ ಮೇಜು ಹಾಕಿಕೊಂಡು, ಬಂದವರನ್ನೆಲ್ಲ ಕರೆದು ಬಿಸ್ಕತ್ತು ಮಾರುತ್ತಾ ಕಳೆದಿದ್ದಳು. ಅಮೆರಿಕದಾದ್ಯಂತ ಹುಡುಗಿಯರು ಹೀಗೆ ಒಂದು ವರ್ಷಕ್ಕೆ ಮಾರುವುದು ಸುಮಾರು 20 ಕೋಟಿ ಪೊಟ್ಟಣ. ಈಗ ಅಲ್ಲಿರುವ ಕನ್ನಡದ ಮನೆಗಳಲ್ಲೂ ಇದೊಂದು ವಾರ್ಷಿಕ ಹಬ್ಬ. ಯುಗಾದಿಯ ಕಾರ್ಯಕ್ರಮಕ್ಕೆ ಹೋದರೆ ಕೋಸಂಬರಿಯ ಸಾಲಿನಲ್ಲಿ ನಿಂತವರಿಗೂ ಒಬ್ಬಳಲ್ಲ ಒಬ್ಬಳು ಬಂದು ‘ಅಂಕಲ್, ಎಷ್ಟು ಪೊಟ್ಟಣ ಬೇಕು?’ ಎಂದು ಕೇಳುತ್ತಾಳೆ. ಬೇಕೋ ಬೇಡವೋ ಎಂದಲ್ಲ, ಎಷ್ಟು ಎಂದು.

ದಾವಣಗೆರೆಯಲ್ಲಿ ಶಾಲೆಗೆ ಹೋಗುವಾಗ ನಾನೂ ಗೈಡ್ ಆಗಿದ್ದವಳು. ಕೊಂಡಜ್ಜಿಯ ಗುಡ್ಡದ ಬುಡದಲ್ಲಿ ಡೇರೆ ಹಾಕಿ ಮಲಗಿದವಳು. ನಮಗೆ ‘ಖರಿ ಕಮಾಯಿ’ ಎಂಬ ವಾರವಿತ್ತು. ಸಮವಸ್ತ್ರ ಹಾಕಿಕೊಂಡು ಮನೆಮನೆಗೆ ಹೋಗಬೇಕು, ಅಂಗಳ ಗುಡಿಸಬೇಕು, ಅಕ್ಕಿಯಲ್ಲಿ ಕಲ್ಲು ಆರಿಸಿಕೊಡಬೇಕು, ಅವರು ಕೊಟ್ಟ ಚಿಲ್ಲರೆಯನ್ನು ಡಬ್ಬಿಗೆ ಹಾಕಿಕೊಂಡು ಬರಬೇಕು. ಬೇಡಿ ತರುವ ಹಾಗಿಲ್ಲ, ದುಡಿದೇ ತರಬೇಕು. ಆದ್ದರಿಂದ ಈ ಬಿಸ್ಕತ್ತಿನ ವ್ಯಾಪಾರ ನೋಡಿದಾಗ ಇದರ ಬೇರು ಎಲ್ಲಿದೆ ಎಂಬ ಕುತೂಹಲ ಹುಟ್ಟಿತು. ಕೇಳಿದರೆ ಹುಡುಗಿ ಮಗ್ಗಿ ಒಪ್ಪಿಸುವವರಂತೆ ಹೇಳಿದಳು: ‘1917, ಮಸ್ಕೋಗಿ, ಒಕ್ಲಹೋಮ.’ ನಕ್ಷೆ ತೆಗೆದು ನೋಡಿದರೆ ಪ್ಲೇನೋದಿಂದ ಕಾರಿನಲ್ಲಿ ಅರ್ಧ ದಿನದ ಹಾದಿ. ಹೋಗಿಯೇ ಬರೋಣ ಎಂದೆ. ಅಲ್ಲಿಂದ ಮುಂದೆ ನಾನು ಗೆಳತಿಯನ್ನು ನೋಡಲು ಹೇಗೂ ಫಿಲಡೆಲ್ಫಿಯಾಕ್ಕೆ ಹೋಗುವುದಿತ್ತು. ಈ ಕಥೆಯ ಇನ್ನರ್ಧ ಅಲ್ಲಿದೆ ಎಂಬುದು ಆಮೇಲೆ ತಿಳಿದ ಸಂಗತಿ.

ಹೊರಡುವ ಹಿಂದಿನ ಸಂಜೆ ದಾರಿಗೆ ತಿಂಡಿ ಬೇಕಲ್ಲ ಎಂದು ಹಳೆಯ ಪಾಕವನ್ನೇ ಮಾಡಿ ನೋಡಿದೆವು. 1922ರ ಜುಲೈನಲ್ಲಿ ಗರ್ಲ್ ಸ್ಕೌಟ್‌ನ ‘ದಿ ಅಮೆರಿಕನ್ ಗರ್ಲ್’ ಪತ್ರಿಕೆಯಲ್ಲಿ ಷಿಕಾಗೋದ ಸ್ಥಳೀಯ ನಿರ್ದೇಶಕಿ ಫ್ಲಾರೆನ್ಸ್ ನೀಲ್ ಒಂದು ಬಿಸ್ಕತ್ತಿನ ವಿಧಾನ ಪ್ರಕಟಿಸಿದ್ದರು. ತಮ್ಮ ವ್ಯಾಪ್ತಿಯ 2,000 ಹುಡುಗಿಯರಿಗೆ ಅವರು ಕೊಟ್ಟಿದ್ದ ಪಾಕ ಅದು. ಒಂದು ಬಟ್ಟಲು ಬೆಣ್ಣೆ, ಒಂದು ಬಟ್ಟಲು ಸಕ್ಕರೆ, ಎರಡು ಮೊಟ್ಟೆ, ಎರಡು ದೊಡ್ಡ ಚಮಚ ಹಾಲು, ಒಂದು ಚಮಚ ವೆನಿಲಾ, ಎರಡು ಬಟ್ಟಲು ಮೈದಾ, ಒಂದು ಚಮಚ ಉಪ್ಪು, ಎರಡು ಚಮಚ ಬೇಕಿಂಗ್ ಪೌಡರ್. ಅಷ್ಟೇ. ತಂಗಿಯ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲ. ಅದರ ಬದಲು ಗಟ್ಟಿ ಮೊಸರು ಬಿತ್ತು. ಬೆಣ್ಣೆ ಸಕ್ಕರೆಯನ್ನು ನಾನು ಕೈಯಲ್ಲೇ ನಾದಿದೆ. ಮೊದಲು ಹರಳು ಹರಳಾಗಿ ಅಂಗೈಗೆ ಚುಚ್ಚುತ್ತದೆ, ಆಮೇಲೆ ಬೆಳ್ಳಗೆ ಹಗುರಾಗಿ ಬೆರಳಿನ ಸಂದಿಯಿಂದ ಜಾರುತ್ತದೆ. ಕಲಸಿದ ಹಿಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿ ಕೂರಬೇಕು. ಅಷ್ಟು ಹೊತ್ತು ಕಾಯುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅರ್ಧ ಗಂಟೆಗೇ ತೆಗೆದು ಲಟ್ಟಿಸಿದ್ದರಿಂದ ಹಿಟ್ಟು ಲಟ್ಟಣಿಗೆಗೆ ಹಿಡಿದುಕೊಂಡಿತು. ಮತ್ತೆ ಒಳಗಿಟ್ಟೆವು. ಗರ್ಲ್ ಸ್ಕೌಟ್‌ನ ಗುರುತಾದ ಮೂರೆಲೆಯ ಆಕಾರದ ಅಚ್ಚಿನಲ್ಲಿ ಕತ್ತರಿಸಿ, ಮೇಲೆ ಸಕ್ಕರೆ ಉದುರಿಸಿ, ಅಂಚು ಕೆಂಪಾಗುವವರೆಗೆ ಎಂಟು ಹತ್ತು ನಿಮಿಷ ಬೇಯಿಸಿದರೆ ಮುಗಿಯಿತು. ತಿಂದು ನೋಡಿದರೆ ನಮ್ಮ ಊರಿನ ಬೇಕರಿಯ ಬೆಣ್ಣೆ ಬಿಸ್ಕತ್ತಿಗೆ ಹತ್ತಿರದ ಸಂಬಂಧಿ. ಮೊಸರಿನ ಹುಳಿ ಒಂದು ಎಳೆ ಉಳಿದಿತ್ತು. ನನಗೆ ಅದೇ ಹಿಡಿಸಿತು.

ಪಾಕಕ್ಕಿಂತ ಅದರ ಜೊತೆಗಿದ್ದ ಲೆಕ್ಕ ಹುಡುಗಿಗೆ ರುಚಿಸಿತು. ಆರೇಳು ಡಜನ್‌ಗೆ ಸಾಮಾನಿನ ಖರ್ಚು 26ರಿಂದ 36 ಸೆಂಟ್. ಡಜನ್ನಿಗೆ 25 ಅಥವಾ 30 ಸೆಂಟಿನಂತೆ ಮಾರಬಹುದು ಎಂದು ನೀಲ್ ಬರೆದಿದ್ದರು. ಅವಳು ಕಾಗದ ತೆಗೆದುಕೊಂಡಳು. ಆರು ಡಜನ್, ಇಪ್ಪತ್ತೈದರಂತೆ ಒಂದೂವರೆ ಡಾಲರ್. ಖರ್ಚು ಹೆಚ್ಚೆಂದರೆ ಮೂವತ್ತಾರು. ‘ಹಾಕಿದ ದುಡ್ಡು ನಾಲ್ಕು ಪಟ್ಟು! ನಮಗೆ ಈಗ ಇಷ್ಟು ಸಿಗುವುದೇ ಇಲ್ಲ, ದೊಡ್ಡಮ್ಮ’ ಎಂದಳು. ನಿಜವೇ. ಈಗ ಆರು ಡಾಲರಿನ ಪೊಟ್ಟಣ ಮಾರಿದರೆ ಹುಡುಗಿಯರ ದಳದ ಪಾಲಿಗೆ ನೂರಕ್ಕೆ ಹತ್ತರಿಂದ ಇಪ್ಪತ್ತು ಬಂದೀತು. ಉಳಿದದ್ದರಲ್ಲಿ ಬೇಕರಿಯ ಬೆಲೆ ಕಳೆದು ಹೆಚ್ಚಿನದು ಆ ಪ್ರದೇಶದ ದಳಗಳನ್ನೆಲ್ಲ ನೋಡಿಕೊಳ್ಳುವ ಕೌನ್ಸಿಲ್‌ಗೆ. ಆದರೆ ಆ ನಾಲ್ಕು ಪಟ್ಟಿನಲ್ಲಿ ಒಲೆಯ ಉರುವಲಿಲ್ಲ, ತಾಯಂದಿರ ಮಧ್ಯಾಹ್ನಗಳಿಲ್ಲ, ಜಿಡ್ಡು ಹಿಡಿದ ತಟ್ಟೆಗಳನ್ನು ತೊಳೆದವರ ಕೂಲಿಯಿಲ್ಲ. ಆ ರಾತ್ರಿ ತಟ್ಟೆ ತೊಳೆದವಳು ನಾನು. ಆದ್ದರಿಂದ ಇದು ಚೆನ್ನಾಗಿ ಹೊಳೆಯಿತು.

ಶುಕ್ರವಾರ, ಉತ್ತರದ ಹಾದಿ

ಬೆಳಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಹೆದ್ದಾರಿ 75ರಲ್ಲಿ ಉತ್ತರಕ್ಕೆ ಹೋದರೆ ಡೆನಿಸನ್ ದಾಟಿದ ಮೇಲೆ ರೆಡ್ ನದಿ. ಅದೇ ಗಡಿ. ನೀರು ಹೆಸರಿಗೆ ತಕ್ಕಂತೆ ಕೆಂಪು ಮಣ್ಣಿನದು. ಒಕ್ಲಹೋಮದ ಡ್ಯುರಾಂಟ್ ಊರಿನಲ್ಲಿ ‘ಜಗತ್ತಿನ ಅತಿ ದೊಡ್ಡ ಶೇಂಗಾ’ ಇದೆಯೆಂದು ಹುಡುಗಿ ಹಟ ಹಿಡಿದು ಕಾರು ನಿಲ್ಲಿಸಿದಳು. ನಗರಸಭೆಯ ಮುಂದೆ ಕಲ್ಲಿನ ಕಟ್ಟೆಯ ಮೇಲೆ ಒಂದು ಶೇಂಗಾಕಾಯಿಯ ಪ್ರತಿಮೆ. ಮಗುವೊಂದು ತಬ್ಬಿಕೊಳ್ಳಬಹುದಾದಷ್ಟು ದೊಡ್ಡದು, ಅದಕ್ಕಿಂತ ಹೆಚ್ಚಲ್ಲ. ಶೇಂಗಾ ಬೆಳೆಯುವ ಸೀಮೆಯಿಂದ ಬಂದ ನಾನು ಗಂಭೀರವಾಗಿ ಒಂದು ಫೋಟೊ ತೆಗೆಸಿಕೊಂಡೆ.

ಅಲ್ಲಿಂದ ಹೆದ್ದಾರಿ 69. ಮೂಲನಿವಾಸಿಗಳಾದ ಚೋಕ್ಟಾ ಜನರ ನಾಡು. ಅಟೋಕ, ಮೆಕ್‌ಅಲೆಸ್ಟರ್ ಎಂದು ಊರುಗಳು ಬಂದು ಹೋಗುತ್ತಿದ್ದವು. ಇನ್ನೂ ಪೂರ್ತಿ ಚಿಗುರದ ಮರಗಳ ಮೇಲೆ ಅಲ್ಲಲ್ಲಿ ಹಸಿರು ಉಂಡೆ ಕಟ್ಟಿದ್ದು ಬಂದಳಿಕೆ. ನಮ್ಮ ಕಡೆ ಮಾವಿನ ತೋಟದವರು ಕಂಡರೆ ಕತ್ತಿ ಹಿಡಿದು ಹತ್ತುತ್ತಾರೆ. ಇಲ್ಲಿಯವರು ಅದರ ಒಂದು ಜಾತಿಯಾದ ಮಿಸಲ್‌ಟೋವನ್ನು 1893ರಲ್ಲಿ ತಮ್ಮ ಪ್ರಾಂತ್ಯದ ಲಾಂಛನ ಮಾಡಿಕೊಂಡರು. ಒಕ್ಲಹೋಮ ರಾಜ್ಯವಾಗಿದ್ದೇ 1907ರಲ್ಲಿ. ರಾಜ್ಯಕ್ಕಿಂತ ಅದರ ಲಾಂಛನ ಹದಿನಾಲ್ಕು ವರ್ಷ ಹಿರಿಯದು. ಮಸ್ಕೋಗಿಯಲ್ಲಿ ಮೊದಲು ಕುಕಿ ಮಾರಿದ ದಳದ ಹೆಸರೂ ‘ಮಿಸಲ್‌ಟೋ’.

ಕಾರಿನಲ್ಲಿ ಹೊತ್ತು ಹೋಗಬೇಕಲ್ಲ. ಹುಡುಗಿ ಜೂಲಿಯೆಟ್ ಗಾರ್ಡನ್ ಲೋ ಅವರ ಕಥೆ ಹೇಳಿದಳು. ಗರ್ಲ್ ಸ್ಕೌಟ್ ಶುರು ಮಾಡಿದವರು ಅವರೇ. 1912ರ ಮಾರ್ಚ್ 12ರಂದು ಜಾರ್ಜಿಯಾದ ಸವಾನಾ ಊರಿನಲ್ಲಿ 18 ಹುಡುಗಿಯರನ್ನು ಸೇರಿಸಿದ್ದು ಅದರ ಹುಟ್ಟು. ಆಗ ಅವರಿಗೆ ಐವತ್ತೊಂದು ವರ್ಷ, ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ಕಿವಿ ಮಂದ. ಒಂದು ಕಿವಿ ಮೊದಲೇ ಚಿಕಿತ್ಸೆಯೊಂದರಲ್ಲಿ ಹಾಳಾಗಿತ್ತು. 1886ರಲ್ಲಿ ಮದುವೆಯ ದಿನ ನೆಂಟರು ಶುಭ ಕೋರಿ ಅಕ್ಕಿ ಎರಚಿದಾಗ ಒಂದು ಕಾಳು ಇನ್ನೊಂದು ಕಿವಿಯೊಳಗೆ ಸಿಕ್ಕಿಕೊಂಡಿತು. ಅದನ್ನು ತೆಗೆಯಲು ಹೋಗಿ ಆ ಕಿವಿಯೂ ಹೋಯಿತು. ತಂಗಿ ಮುಂದಿನ ಸೀಟಿನಿಂದ ತಿರುಗಿ, ‘ಅಕ್ಕ, ನಮ್ಮಲ್ಲಿ ಎಷ್ಟು ಮದುವೆಯಲ್ಲಿ ಅಕ್ಷತೆಯನ್ನು ದೂರದಿಂದ ಕಲ್ಲು ಬೀಸಿದ ಹಾಗೆ ಬೀಸುತ್ತಾರೆ’ ಎಂದಳು. ಅವಳ ಗಂಡ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕರು. ಅವರ ಮದುವೆಯಲ್ಲಿ ಹಾಗೆ ಬೀಸಿದವರ ಮುಂದಾಳು ನಾನೇ.

ಆ ಮೊದಲ ವರ್ಷಗಳಲ್ಲಿ ಸಂಸ್ಥೆ ನಡೆದದ್ದು ಬಹುಪಾಲು ಅವರ ಕೈಯ ಹಣದಿಂದ. ತಮ್ಮ ಬೆಲೆಬಾಳುವ ಮುತ್ತಿನ ಹಾರವನ್ನು 8,000 ಡಾಲರಿಗೆ ಮಾರಿ ಅದನ್ನೂ ಇದಕ್ಕೇ ಹಾಕಿದರು. ಇದು ದೊಡ್ಡ ಮನಸ್ಸು ನಿಜ. ಆದರೆ ಒಬ್ಬರ ಕೊರಳಿನ ಮೇಲೆ ಎಷ್ಟು ದಳಗಳು ಬದುಕಲು ಸಾಧ್ಯ? ಊರೂರಿನಲ್ಲಿ ದಳ ಕಟ್ಟಿಕೊಂಡ ಹುಡುಗಿಯರು ತಮ್ಮ ಖರ್ಚಿಗೆ ತಾವೇ ದಾರಿ ಹುಡುಕಬೇಕಾಯಿತು. ಆ ದಾರಿ ಹುಟ್ಟಿದ್ದು ಸವಾನಾದ ಕಚೇರಿಯಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ.

ಯುಫಾಲಾ ಕೆರೆಯ ಸೇತುವೆ ದಾಟುವಾಗ ಬಿಸಿಲು ಇಳಿಯುತ್ತಿತ್ತು. ಕೆರೆ ಎಂದೆ, ಆದರೆ ನಮ್ಮ ಶಾಂತಿಸಾಗರ ನೋಡಿದ ಕಣ್ಣಿಗೂ ಅದು ಸಮುದ್ರವೇ. ಚೆಕೋಟ ಕಳೆದು ಮಸ್ಕೋಗಿ ಮುಟ್ಟಿದಾಗ ಊಟದ ಹೊತ್ತು. ಹೋಟೆಲಿನಲ್ಲಿ ಮಿಕ್ಕ ಚಿತ್ರಾನ್ನವೇ ರಾತ್ರಿಯ ಊಟವಾಯಿತು.

ಶನಿವಾರ, ಮಸ್ಕೋಗಿ

ಅಗಲವಾದ ಬೀದಿಗಳು, ಅವುಗಳಿಗೆ ಸಾಕಾಗದಷ್ಟು ಕಡಿಮೆ ವಾಹನಗಳು. ಒಂದು ಕಾಲದಲ್ಲಿ ಇದು ಬಹಳ ದೊಡ್ಡದನ್ನು ಬಯಸಿದ ಊರು ಎಂದು ಇಟ್ಟಿಗೆಯ ಹಳೆಯ ಕಟ್ಟಡಗಳ ಎತ್ತರ ನೋಡಿದರೇ ತಿಳಿಯುತ್ತದೆ. 1872ರಲ್ಲಿ ರೈಲು ಬಂತು, ರೈಲಿನ ಹಿಂದೆ ಊರು ಬಂತು. ಅರ್ಕನ್ಸಾ, ವರ್ಡಿಗ್ರಿಸ್, ಗ್ರ್ಯಾಂಡ್ ನದಿಗಳು ಇಲ್ಲೇ ಹತ್ತಿರದಲ್ಲಿ ಕೂಡುತ್ತವೆ. ತಮ್ಮ ನೆಲದಿಂದ ಒಕ್ಕಲೆಬ್ಬಿಸಿ ಪಶ್ಚಿಮಕ್ಕೆ ಅಟ್ಟಲಾದ ಚೆರೋಕೀ, ಚೋಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಜನರ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಕಚೇರಿ ಇದ್ದದ್ದು ಈ ಊರಿನ ಗುಡ್ಡದ ಮೇಲೆ. 1875ರ ಆ ಕಲ್ಲಿನ ಕಟ್ಟಡ ಈಗ ಮ್ಯೂಸಿಯಂ. 1905ರಲ್ಲಿ ಆ ಜನರ ನಾಯಕರು ಮಸ್ಕೋಗಿಯಲ್ಲೇ ಸಭೆ ಸೇರಿ, ಸಿಕೋಯ ಎಂಬ ತಮ್ಮದೇ ರಾಜ್ಯ ಬೇಕೆಂದು ಸಂವಿಧಾನ ಬರೆದರು. ವಾಷಿಂಗ್ಟನ್ ಅದನ್ನು ಒಪ್ಪಲಿಲ್ಲ. ಎರಡು ವರ್ಷಕ್ಕೆ ಎಲ್ಲವೂ ಒಕ್ಲಹೋಮ ಆಯಿತು. ಕುಕಿ ಮಾರಾಟ ನಡೆದದ್ದು ಅದಾಗಿ ಹತ್ತೇ ವರ್ಷಕ್ಕೆ. ಬಿಸ್ಕತ್ತಿನ ಕಥೆಗೆ ಬಂದವಳು ಈ ಕಟ್ಟಡದಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಹುಡುಗಿ ಎರಡು ಸಲ ಬಂದು ಕೈ ಎಳೆದಳು.

ಮಿಡ್‌ಲ್ಯಾಂಡ್ ವ್ಯಾಲಿ ರೈಲಿನ ಹಳೆಯ ನಿಲ್ದಾಣದಲ್ಲಿ ಥ್ರೀ ರಿವರ್ಸ್ ಮ್ಯೂಸಿಯಂ ಇದೆ. 1916ರ ಕಟ್ಟಡ. ಅಂದರೆ ಮಿಸಲ್‌ಟೋ ದಳದವರು ಬಿಸ್ಕತ್ತು ಬೇಯಿಸುವಾಗ ಇದಕ್ಕೆ ಹೊಸ ಸುಣ್ಣದ ವಾಸನೆ ಹೋಗಿರಲಿಕ್ಕಿಲ್ಲ. ಅಲ್ಲಿ ಆ ಮೊದಲ ಮಾರಾಟದ ನೆನಪಿಗೆ ನಿಲ್ಲಿಸಿದ ಗರ್ಲ್ ಸ್ಕೌಟ್ ಪ್ರತಿಮೆಯಿದೆ. ನಮ್ಮ ಹುಡುಗಿ ಬ್ಯಾಡ್ಜುಗಳ ಹಸಿರು ಜಾಕೀಟನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಪ್ರತಿಮೆಯ ಎದುರು ಬಂದ ಮೇಲೆ ಅದನ್ನು ತೊಟ್ಟು, ಮೂರು ಬೆರಳು ಎತ್ತಿ ಸೆಲ್ಯೂಟ್ ಹೊಡೆದಳು. ನನ್ನ ಕೈಯೂ ತಾನಾಗಿ ಮೇಲೆದ್ದಿತು. ಗೈಡ್‌ಗಳ ಸೆಲ್ಯೂಟೂ ಮೂರೇ ಬೆರಳಿನದು. ಅದನ್ನು ಕಂಡು ಅವಳಿಗೆ ಬಹಳ ಆಶ್ಚರ್ಯವಾಯಿತು. ತನ್ನ ದೊಡ್ಡಮ್ಮ ಯಾವುದೋ ಗುಪ್ತ ಪಡೆಯಲ್ಲಿದ್ದಳು ಎಂಬಂತೆ ನೋಡಿದಳು.

ನಡೆದದ್ದು ಇಷ್ಟು. 1917ರ ಡಿಸೆಂಬರ್‌ನಲ್ಲಿ ಮಿಸಲ್‌ಟೋ ದಳದ ಹುಡುಗಿಯರು ತಮ್ಮ ಸೇವಾ ಕೆಲಸಕ್ಕೆ ಹಣ ಬೇಕೆಂದು ಮನೆಯಲ್ಲಿ ಕುಕಿ ಬೇಯಿಸಿ, ಹೈಸ್ಕೂಲಿನ ಕ್ಯಾಂಟೀನಿನಲ್ಲಿ ಮಾರಿದರು. ಆ ವರ್ಷ, ಆ ತಿಂಗಳು ಎಂಥದ್ದು ಎಂದು ನೋಡಿದರೆ ಇದರ ರುಚಿ ಬೇರೆಯೇ ಆಗುತ್ತದೆ. ಏಪ್ರಿಲ್‌ನಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಿತ್ತು. ಆಗಸ್ಟ್‌ನಲ್ಲಿ ಹರ್ಬರ್ಟ್ ಹೂವರ್ ಅವರ ಕೈಗೆ ಆಹಾರ ಆಡಳಿತ ಬಂದಿತ್ತು. ಗೋಧಿ ಉಳಿಸಿ, ಸಕ್ಕರೆ ಉಳಿಸಿ, ಸೈನಿಕರಿಗೆ ಕಳುಹಿಸಬೇಕು ಎಂದು ಮನೆಮನೆಗೆ ಬೋಧನೆ ನಡೆದಿತ್ತು. ಅಂಥ ಚಳಿಗಾಲದಲ್ಲಿ ಹಿಟ್ಟು ಸಕ್ಕರೆ ಬೆಣ್ಣೆಯ ತಿಂಡಿ ಮಾರಿದವರೆಂದರೆ ಗಿರಾಕಿಯ ನಾಡಿ ಬಲ್ಲವರೇ. ಶಾಲೆಯ ಮಕ್ಕಳು ಇನ್ನೇನು ಮಾಡಿಯಾರು, ಮುತ್ತಿಕೊಂಡಿರಬೇಕು.

ಇನ್ನೊಂದು ಸಂಗತಿ ನನ್ನನ್ನು ಬಿಡಲಿಲ್ಲ. ಒಕ್ಲಹೋಮದ ಹೆಂಗಸರಿಗೆ ಮತದ ಹಕ್ಕು ಬಂದದ್ದು 1918ರ ನವೆಂಬರ್‌ನಲ್ಲಿ. ಅಂದರೆ ಆ ಡಿಸೆಂಬರ್‌ನಲ್ಲಿ ಒಲೆಯ ಮುಂದೆ ನಿಂತ ತಾಯಂದಿರಿಗೆ ಮತವಿರಲಿಲ್ಲ. ಅವರ ಹೆಣ್ಣುಮಕ್ಕಳು ಮಾತ್ರ ಮೇಜಿನ ಹಿಂದೆ ನಿಂತು ನಾಣ್ಯ ಎಣಿಸಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳು ಅಡುಗೆ ಮಾಡುವುದರಲ್ಲಿ ಹೊಸತೇನಿದೆ? ಬೇಯಿಸಿದ್ದಕ್ಕೆ ಬೆಲೆ ಕಟ್ಟಿದ್ದು, ಆ ಹಣ ತಮ್ಮದು ಎಂದದ್ದು, ಅದನ್ನು ಯಾವುದಕ್ಕೆ ಹಾಕಬೇಕೆಂದು ತಾವೇ ಹೇಳಿದ್ದು ಹೊಸತು. ಮಸ್ಕೋಗಿಯವರು ಹೆಮ್ಮೆ ಪಡಬೇಕಾದದ್ದು ಬಿಸ್ಕತ್ತಿಗಲ್ಲ, ಇದಕ್ಕೆ ಎಂದು ನನಗೆ ತೋರುತ್ತದೆ. ನನ್ನ ಖರಿ ಕಮಾಯಿಯ ಡಬ್ಬಿ ನೆನಪಾಯಿತು. ಬಾಯಿಗೆ ಕಾಗದ ಅಂಟಿಸಿ ಮುದ್ರೆ ಹಾಕಿದ ಡಬ್ಬಿ. ದುಡಿಯುವುದು ನಾವು, ತೆರೆಯುವುದು ಟೀಚರು. ಒಳಗೆ ಎಷ್ಟಿತ್ತು, ಎಲ್ಲಿಗೆ ಹೋಯಿತು ಎಂದು ಕೇಳುವುದು ನಮಗೆ ತೋಚಲೂ ಇಲ್ಲ. ಕೇಳಿದ್ದರೆ ಟೀಚರು ಬಹುಶಃ ಹೇಳುತ್ತಿದ್ದರು. ತಂಗಿಯ ಮಗಳ ದಳದಲ್ಲಿ ಈ ಸಲ ಮಾರಾಟ ಮುಗಿದ ಮೇಲೆ ಹುಡುಗಿಯರೆಲ್ಲ ನೆಲದ ಮೇಲೆ ಸುತ್ತಲೂ ಕುಳಿತು ಕೈ ಎತ್ತಿ ಮತ ಹಾಕಿದರಂತೆ. ಬೇಸಿಗೆ ಶಿಬಿರಕ್ಕೆ ಇಷ್ಟು, ಬೀದಿನಾಯಿಗಳ ಆಸರೆಮನೆಗೆ ಇಷ್ಟು. ಕುದುರೆ ಸವಾರಿ ಎರಡು ಮತದಿಂದ ಸೋತಿತು. ಆ ಸೋಲನ್ನು ಅವಳು ಇನ್ನೂ ಮರೆತಿಲ್ಲ, ಕುದುರೆಯ ಪಕ್ಷದವಳು.

ಮಧ್ಯಾಹ್ನ ಆನರ್ ಹೈಟ್ಸ್ ಉದ್ಯಾನದಲ್ಲಿ ಅಜೇಲಿಯಾ ಅರಳಿತ್ತು. ಏಪ್ರಿಲ್‌ನಲ್ಲಿ ಊರಿಗೆ ಊರೇ ಇದಕ್ಕೆ ಬರುತ್ತದೆ. ಗುಡ್ಡದ ಇಳಿಜಾರೆಲ್ಲ ಗುಲಾಬಿ, ಬಿಳಿ, ನೇರಳೆ. ಫೋಟೊ ತೆಗೆಯುವವರ ಮಧ್ಯೆ ದಾರಿ ಮಾಡಿಕೊಂಡು ಒಂದು ಸುತ್ತು ಹಾಕಿದೆವು. ನೆರಳಲ್ಲಿ ಕುಳಿತು ಮನೆಯ ಬಿಸ್ಕತ್ತು ತಿಂದೆವು. ಮೂರನೆಯ ದಿನಕ್ಕೂ ಅದು ಇನ್ನೂ ಗರಿಯಾಗಿತ್ತು. ಸಂಜೆ ಟಲ್ಸಾ ಊರಿಗೆ 80 ಕಿಲೋಮೀಟರ್ ಬಂದು ನನ್ನನ್ನು ವಿಮಾನ ನಿಲ್ದಾಣದ ಬಳಿಯ ಹೋಟೆಲಿಗೆ ಬಿಟ್ಟರು. ಹುಡುಗಿ ಒಂದು ಪೊಟ್ಟಣ ‘ಥಿನ್ ಮಿಂಟ್’ ಕುಕಿ ಕೈಗಿಟ್ಟಳು. ಅದರಲ್ಲಿ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ಏಕಾದಶಿಗೂ ತಿನ್ನಬಹುದು ಎಂಬುದು ಅವಳ ಮಾರಾಟದ ಮಾತು. ಏಕಾದಶಿಗೆ ಮೈದಾ ನಡೆಯುವುದಿಲ್ಲ ಎಂದು ನಾನು ತಿದ್ದಲಿಲ್ಲ, ವ್ಯಾಪಾರ ಕೆಡಿಸಬಾರದು.

ಭಾನುವಾರ, ಆಕಾಶದಲ್ಲಿ

ಟಲ್ಸಾದಿಂದ ಷಿಕಾಗೋ, ಷಿಕಾಗೋದಿಂದ ಫಿಲಡೆಲ್ಫಿಯಾ. ಷಿಕಾಗೋ ನಿಲ್ದಾಣದಲ್ಲಿ ಒಂದು ಕುಕಿ ಕೊಂಡೆ. ನೀಲ್ ಅವರ ಆರೇಳು ಡಜನ್‌ನ ಸಾಮಾನಿಗೆ ಆಗುತ್ತಿದ್ದ ಹಣದ ಹತ್ತು ಪಟ್ಟಿಗಿಂತ ಹೆಚ್ಚು ತೆತ್ತೆ. ಅದು ಮೆತ್ತಗಿತ್ತು. ಆ ದಿನದ ಬಗ್ಗೆ ಬರೆಯುವಂಥದ್ದು ಇನ್ನೇನೂ ಇಲ್ಲ.

ಸೋಮವಾರ, ಫಿಲಡೆಲ್ಫಿಯಾ

ಗೆಳತಿ ಶಿವಮೊಗ್ಗದವಳು. ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಇಬ್ಬರು ಹೆಣ್ಣುಮಕ್ಕಳಿಂದ ಕುಕಿ ಮಾರಿಸಿದ ಅನುಭವಸ್ಥೆ. ‘ಮಾರಿಸಿದೆ ಎನ್ನಬೇಡ, ನಾನೇ ಮಾರಿದೆ’ ಎಂದು ಅವಳು ತಿದ್ದಿದಳು. ಕಚೇರಿಯಲ್ಲಿ ತಾಯಿ ತಂದೆಯರು ಮಗಳ ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು.

ನಗರದ ನಡುವೆ ಸಿಟಿ ಹಾಲ್. ಅದರ ಗೋಪುರದ ಮೇಲೆ ಈ ಊರು ಕಟ್ಟಿದ ವಿಲಿಯಂ ಪೆನ್ ಪ್ರತಿಮೆ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಆರ್ಚ್ ಬೀದಿಯ 1401ನೆಯ ನಂಬರು. ಪೆನ್ಸಿಲ್ವೇನಿಯಾದವರು ಇತಿಹಾಸದ ಜಾಗಗಳಲ್ಲಿ ನೆಡುವ ನೀಲಿ ಫಲಕ, ಹಳದಿ ಅಕ್ಷರ ಅಲ್ಲಿದೆ. ಗ್ಯಾಸ್ ಮತ್ತು ವಿದ್ಯುತ್ ಕಂಪನಿಯ ಕಟ್ಟಡವಿದ್ದ ತಾಣ ಅದು. 1930ರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾದ ಗರ್ಲ್ ಸ್ಕೌಟ್‌ಗಳು ಬೇಯಿಸಿದ ಕುಕಿಯನ್ನು ಆ ಕಂಪನಿಯ ಗಾಜಿನ ಕಿಟಕಿಯಲ್ಲಿಟ್ಟು ಮಾರಿದರು. ‘ಮೊದಲ ಅಧಿಕೃತ ಮಾರಾಟ’ ಎಂಬ ಹಕ್ಕು ಈ ಊರಿನದು. ಮಸ್ಕೋಗಿಯದು ಒಂದು ದಳದ ಕೆಲಸ, ಇಲ್ಲಿಯದು ಇಡೀ ನಗರದ ಕೌನ್ಸಿಲ್‌ನ ಕೆಲಸ. ಇಬ್ಬರೂ ‘ಮೊದಲು ನಾವು’ ಎನ್ನುತ್ತಾರೆ, ಇಬ್ಬರದ್ದೂ ಸರಿಯೇ.

ಗ್ಯಾಸ್ ಕಂಪನಿಗೂ ಬಿಸ್ಕತ್ತಿಗೂ ಎಲ್ಲಿಯ ನಂಟು ಎಂದು ಮೊದಲು ಅನ್ನಿಸಿತು. ಆ ಕಾಲದ ಗ್ಯಾಸ್ ಕಂಪನಿಗಳು ಗ್ಯಾಸಿನ ಜೊತೆಗೆ ಒಲೆಯನ್ನೂ ಮಾರುತ್ತಿದ್ದವು ಎಂಬುದು ನೆನಪಾದರೆ ನಂಟು ಬಿಚ್ಚಿಕೊಳ್ಳುತ್ತದೆ. ಪಾದಚಾರಿಗಳು ನಿಂತು ನೋಡುವ ಗಾಜಿನ ಆಚೆ ಸಮವಸ್ತ್ರದ ಹುಡುಗಿಯರು, ಘಮಘಮಿಸುವ ತಿಂಡಿ. ಹುಡುಗಿಯರಿಗೆ ಅಂಗಡಿ ಸಿಕ್ಕಿತು, ಕಂಪನಿಗೆ ಪುಕ್ಕಟೆ ಜಾಹೀರಾತು ಸಿಕ್ಕಿತು. ಮಹಾ ಆರ್ಥಿಕ ಕುಸಿತದ ದಿನಗಳು ಅವು. 44 ಕುಕಿಗಳ ಪೊಟ್ಟಣಕ್ಕೆ 23 ಸೆಂಟ್. ಆರು ಪೊಟ್ಟಣ ಒಟ್ಟಿಗೆ ಕೊಂಡರೆ 1 ಡಾಲರ್ 24 ಸೆಂಟ್.

ವ್ಯಾಪಾರ ಎಷ್ಟು ಕುದುರಿತೆಂದರೆ ಮನೆಯ ಒಲೆಗಳು ಸಾಲದಾದವು. 1934ರಲ್ಲಿ ಫಿಲಡೆಲ್ಫಿಯಾ ಕೌನ್ಸಿಲ್ ಬೇಕರಿಯಲ್ಲಿ ತಯಾರಾದ ಕುಕಿಗಳನ್ನು ಮಾರಿತು, ಹಾಗೆ ಮಾಡಿದ ಮೊದಲ ಕೌನ್ಸಿಲ್ ಅದೇ. ಮರುವರ್ಷ ನ್ಯೂಯಾರ್ಕಿನವರು ಮೂರೆಲೆಯ ಅಚ್ಚು ಮಾಡಿಸಿ, ಪೊಟ್ಟಣದ ಮೇಲೆ ‘ಗರ್ಲ್ ಸ್ಕೌಟ್ ಕುಕೀಸ್’ ಎಂದು ಹಾಕಿದರು. 1936ರಲ್ಲಿ ರಾಷ್ಟ್ರೀಯ ಸಂಸ್ಥೆಯೇ ಬೇಕರಿಗಳಿಗೆ ಪರವಾನಗಿ ಕೊಡಲು ಶುರು ಮಾಡಿತು. ಮಸ್ಕೋಗಿಯಿಂದ ಲೆಕ್ಕ ಹಾಕಿದರೆ ಎರಡು ದಶಕವೂ ಆಗಿರಲಿಲ್ಲ. ಆಮೇಲಿನ ಕಥೆ ಕಾರ್ಖಾನೆಯ ಕಥೆ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಟು, ಸಕ್ಕರೆ, ಬೆಣ್ಣೆಗೆ ಕೊರತೆ ಬಂದಾಗ 1944ರಲ್ಲಿ ಹುಡುಗಿಯರು ಕುಕಿಯ ಬದಲು ಕ್ಯಾಲೆಂಡರ್ ಮಾರಿದರು. 1948ಕ್ಕೆ ಪರವಾನಗಿ ಪಡೆದ ಬೇಕರಿಗಳು 29 ಇದ್ದವು, ಈಗ ಎರಡು. ಆ ಎರಡರ ಹಿಡಿತ ಎಷ್ಟೆಂದರೆ ಕ್ಯಾರಮೆಲ್ ಮತ್ತು ಕೊಬ್ಬರಿಯ ಒಂದೇ ಬಗೆಯ ಕುಕಿಗೆ ಒಂದು ಪ್ರದೇಶದಲ್ಲಿ ‘ಸಮೋವಾ’ ಎಂಬ ಹೆಸರು, ಇನ್ನೊಂದರಲ್ಲಿ ‘ಕ್ಯಾರಮೆಲ್ ಡಿಲೈಟ್’. ಊರು ಬದಲಿಸಿದ ಮಕ್ಕಳು ಹೆಸರಿಗಾಗಿ ಜಗಳವಾಡುತ್ತಾರಂತೆ.

ಫಲಕದ ಕೆಳಗೆ ನಿಂತು ನಾವಿಬ್ಬರು ಜಗಳಕ್ಕೆ ಬಿದ್ದೆವು. ‘ಬೇಯಿಸುವುದೇ ಹೋದ ಮೇಲೆ ಇದರಲ್ಲೇನಿದೆ? ಕಂಪನಿಯ ಸರಕನ್ನು ಮಕ್ಕಳ ತಲೆಯ ಮೇಲೆ ಹೊರಿಸಿ ಮಾರಿಸುವುದು’ ಎಂದಳು ಗೆಳತಿ. ಅವಳ ಮಾತಿನಲ್ಲಿ ಹುರುಳಿದೆ. ಮಗಳು ಹೆಚ್ಚು ಮಾರಲಿ ಎಂದು ತಾನೇ ಪೊಟ್ಟಣಗಳನ್ನು ಕೊಂಡು, ವರ್ಷವಿಡೀ ಬಂದವರಿಗೆಲ್ಲ ಚಹಾದ ಜೊತೆ ಕೊಟ್ಟು ಖಾಲಿ ಮಾಡಿದವಳು ಅವಳು. ಆದರೆ ನಾನು ಒಪ್ಪಲಿಲ್ಲ. ಮನೆಯಲ್ಲಿ ಬೇಯಿಸಿದ ಕಾಲದಲ್ಲಿ ಒಳ್ಳೆಯ ಒಲೆ, ಬಿಡುವಿರುವ ತಾಯಿ, ಬೆಣ್ಣೆಗೆ ಕೊಡಲು ಹಣ ಇರುವ ಮನೆಯ ಹುಡುಗಿಗೆ ಅನುಕೂಲ. ತಾಯಿ ಎರಡು ಪಾಳಿ ದುಡಿಯುವ ಮನೆಯವಳು ಏನು ಬೇಯಿಸಿಯಾಳು? ಕಾರ್ಖಾನೆಯ ಪೊಟ್ಟಣ ಬಂದ ಮೇಲೆ ಹುಡುಗಿಯರಿಗೆ ಉಳಿದದ್ದು ಮಾತು ಮತ್ತು ಲೆಕ್ಕ. ನನ್ನ ದೃಷ್ಟಿಯಲ್ಲಿ ಅವೆರಡೇ ಮೊದಲಿನಿಂದಲೂ ಮುಖ್ಯವಾಗಿದ್ದವು. ರುಚಿ ಹೋಯಿತು ಎನ್ನುವುದಾದರೆ ಹೌದು, ರುಚಿ ಹೋಯಿತು. ಮೊಸರು ಹಾಕಿದ ನಮ್ಮ ಬಿಸ್ಕತ್ತಿನ ಮುಂದೆ ಪೊಟ್ಟಣದ ಮೂರೆಲೆ ಬಿಸ್ಕತ್ತು ಸಪ್ಪೆ.

‘ಹಾಗಾದರೆ ನೀನೇ ಊರಿಗೆ ಹೋಗಿ ಗೈಡ್‌ಗಳ ಕೈಗೆ ಚಕ್ಕುಲಿ ಕೊಟ್ಟು ಮಾರಿಸು’ ಎಂದಳು.

ಮಾರಿಸಬಹುದು. ಆದರೆ ಡಬ್ಬಿಯ ಬಾಯಿಗೆ ಕಾಗದ ಅಂಟಿಸಬಾರದು.

ಹಸಿವಾಗಿತ್ತು. ಅದೇ ಬೀದಿಯಲ್ಲಿ ಪೂರ್ವಕ್ಕೆ ಎರಡು ಅಡ್ಡರಸ್ತೆ ನಡೆದರೆ ರೀಡಿಂಗ್ ಟರ್ಮಿನಲ್ ಮಾರುಕಟ್ಟೆ. ಹಳೆಯ ರೈಲು ನಿಲ್ದಾಣದ ಕೆಳಗೆ 1890ರ ದಶಕದಿಂದ ನಡೆದು ಬಂದಿರುವ ಸಂತೆ. ಮೀನು, ಚೀಸು, ಜೇನು, ಉಪ್ಪಿನಕಾಯಿ, ಎಲ್ಲದರ ವಾಸನೆ ಒಂದರೊಳಗೊಂದು. ಗೆಳತಿ ಐಸ್‌ಕ್ರೀಮ್ ಕೊಡಿಸಿದಳು. 1861ರಿಂದ ಐಸ್‌ಕ್ರೀಮ್ ಮಾಡುತ್ತಿರುವ ಮನೆತನದ ಅಂಗಡಿ ಅಲ್ಲಿದೆ. ಜಗಳ ಅಲ್ಲಿಗೆ ನಿಂತಿತು.

ರಾತ್ರಿ ಪ್ಲೇನೋಗೆ ಫೋನ್ ಮಾಡಿ ಕಿಟಕಿಯ ಕಥೆ ಹೇಳಿದೆ. ಗ್ಯಾಸ್ ಕಂಪನಿ, ಗಾಜು, ಜಾಹೀರಾತು ಯಾವುದೂ ಹುಡುಗಿಗೆ ಬೇಕಾಗಿರಲಿಲ್ಲ. ಬೆಲೆ ಹೇಳಿದ ಕೂಡಲೇ ನನ್ನನ್ನು ತಡೆದಳು.

‘ಇರು, ದೊಡ್ಡಮ್ಮ. ಇಪ್ಪತ್ತಮೂರು ಆರಲೇ ನೂರ ಮೂವತ್ತೆಂಟು. ಅವರು ನೂರ ಇಪ್ಪತ್ತನಾಲ್ಕಕ್ಕೇ ಕೊಟ್ಟರಾ? ಹದಿನಾಲ್ಕು ಸೆಂಟ್ ಬಿಟ್ಟುಬಿಟ್ಟರಾ?’

ಕಷ್ಟದ ಕಾಲ, ಜನರ ಕೈಯಲ್ಲಿ ದುಡ್ಡಿರಲಿಲ್ಲ ಎಂದೆ.

‘ದುಡ್ಡಿಲ್ಲದವರು ಆರು ಪೊಟ್ಟಣ ಯಾಕೆ ಕೊಳ್ಳುತ್ತಾರೆ? ಒಂದು ಕೊಳ್ಳುತ್ತಾರೆ. ಆರು ಕೊಳ್ಳುವವರ ಹತ್ತಿರ ದುಡ್ಡಿದೆ ಎಂದೇ ಅರ್ಥ. ಅವರಿಗೆ ಬಿಡಬಾರದಿತ್ತು’ ಎಂದಳು. ಮುಂದಿನ ಜನವರಿಗೆ ಇದನ್ನು ದಳದ ಸಭೆಯಲ್ಲಿ ಎತ್ತುತ್ತಾಳಂತೆ, ಕುದುರೆ ಸವಾರಿಯ ಜೊತೆಗೆ.